ಗಾಲೆ ಕೋಟೆಯೊಳಗಿನ ಕಡಲ ಪುರಾತತ್ವ ಮ್ಯೂಸಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀಲಂಕಾದ ಗಾಲೆಯನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಟಿವಿಯಲ್ಲಿ, ಟೆಸ್ಟ್ ಪಂದ್ಯ ನಡೆಯುವಾಗ. ಮೈದಾನದ ಹಿಂದೆ ಜನ ಕೂತು ಪಂದ್ಯ ನೋಡುವ ಆ ಎತ್ತರದ ಗೋಡೆಯೇ ಗಾಲೆ ಕೋಟೆ. ಅದರೊಳಗೆ, ಡಚ್ಚರ ಕಾಲದ ಗೋದಾಮಿನಲ್ಲಿ, ಕಡಲ ಪುರಾತತ್ವ ಮ್ಯೂಸಿಯಂ ಇದೆ. ದೊಡ್ಡದಲ್ಲ. ತಯಾರಿ ಇಲ್ಲದೆ ಹೋದವರು ಇಪ್ಪತ್ತು ನಿಮಿಷದಲ್ಲಿ ಹೊರಬಂದು "ಏನೂ ಇಲ್ಲ" ಎನ್ನುತ್ತಾರೆ. ಎದುರಿಗಿರುವ ಕೊಲ್ಲಿಯನ್ನು ಮೊದಲು ನೋಡಿ ಒಳಗೆ ಹೋದವರಿಗೆ ಅದೇ ಜಾಗದಲ್ಲಿ ಒಂದೂವರೆ ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಈ ಪುಟ ಬರೆದಿರುವುದು ಎರಡನೆಯ ಬಗೆಯ ಭೇಟಿಗಾಗಿ.

ಮ್ಯೂಸಿಯಂ ಕೋಟೆಯ ಯಾವ ಭಾಗದಲ್ಲಿದೆ?

ಗಾಲೆ ಕೋಟೆಗೆ ಎರಡು ಬಾಗಿಲು. ಊರಿನ ಕಡೆಯ ದೊಡ್ಡ ಬಾಗಿಲು ಬ್ರಿಟಿಷರು 1873ರಲ್ಲಿ ತೆರೆದದ್ದು. ಸೂರ್ಯ ಮತ್ತು ಚಂದ್ರ ಎಂಬ ಎರಡು ಕೊತ್ತಳಗಳ ನಡುವೆ ಇದೆ. ಬಂದರಿನ ಕಡೆಗಿರುವುದು ಹಳೆಯ ಬಾಗಿಲು. ಡಚ್ಚರ ಕಾಲದಲ್ಲಿ ಹಡಗಿನಿಂದ ಇಳಿದ ಸರಕೆಲ್ಲ ಇದರ ಮೂಲಕವೇ ಒಳಗೆ ಬರುತ್ತಿತ್ತು. ಈ ಬಾಗಿಲು ಒಂದು ಉದ್ದನೆಯ ಕಟ್ಟಡದ ಹೊಟ್ಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಆ ಕಟ್ಟಡವೇ ಮಹಾ ಗೋದಾಮು, 1670ರ ದಶಕದ್ದು. ಮ್ಯೂಸಿಯಂ ಇರುವುದು ಅಲ್ಲೇ, ಕ್ವೀನ್ಸ್ ಸ್ಟ್ರೀಟ್ ಕಡೆ.

ಟಿಕೆಟ್ ತೆಗೆಯುವ ಮೊದಲು ಹಳೆಯ ಬಾಗಿಲಿನ ಕಮಾನಿನಡಿ ಎರಡು ನಿಮಿಷ ನಿಲ್ಲಿ. ಹೊರಮುಖದಲ್ಲಿ ಬ್ರಿಟಿಷ್ ರಾಜಲಾಂಛನ ಇದೆ. ಒಳಮುಖದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ: ಎರಡು ಸಿಂಹ, ನಡುವೆ ವಿಒಸಿ (ಕಂಪನಿಯ ಡಚ್ ಹೆಸರಿನ ಮೊದಲಕ್ಷರಗಳು), ಮೇಲೊಂದು ಹುಂಜ, ರೋಮನ್ ಅಂಕಿಯಲ್ಲಿ 1669. ಪೋರ್ಚುಗೀಸರ ಕೈಯಲ್ಲಿದ್ದ ಗಾಲೆಯನ್ನು ಡಚ್ಚರು ಗೆದ್ದದ್ದು 1640ರಲ್ಲಿ. ಬ್ರಿಟಿಷರ ಕೈಗೆ ಹೋದದ್ದು 1796ರಲ್ಲಿ. ಆ ಅಧಿಕಾರ ಬದಲಾವಣೆಯನ್ನು ಒಂದೇ ಬಾಗಿಲಿನ ಎರಡು ಮುಖಗಳಲ್ಲಿ ನೋಡಬಹುದು.

ಮ್ಯಾಪಿನಲ್ಲಿ ಹುಡುಕಿದರೆ ಮೂರು ನಾಲ್ಕು ಮ್ಯೂಸಿಯಂ ತೋರಿಸುತ್ತದೆ. ಯಾವುದಕ್ಕೆ ಹೋಗಬೇಕು?

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮುಳುಗಿದ ಹಡಗುಗಳ ವಸ್ತುಗಳಿರುವುದು ಕಡಲ ಪುರಾತತ್ವ ಮ್ಯೂಸಿಯಂನಲ್ಲಿ. "ರಾಷ್ಟ್ರೀಯ ಕಡಲ ಮ್ಯೂಸಿಯಂ" ಬೇರೆ; ಅದೂ ಹಳೆಯ ಬಾಗಿಲ ಹತ್ತಿರವೇ ಇದೆ, ಆದರೆ ಅದರ ಒಲವು ಮೀನುಗಾರಿಕೆ ಮತ್ತು ಕಡಲ ಜೀವಿಗಳ ಕಡೆಗೆ. ಚರ್ಚ್ ಸ್ಟ್ರೀಟಿನಲ್ಲಿರುವ "ಗಾಲೆ ರಾಷ್ಟ್ರೀಯ ಮ್ಯೂಸಿಯಂ" ಇನ್ನೊಂದು. ಲೇಯ್ನ್ ಬಾನ್ ಸ್ಟ್ರೀಟಿನಲ್ಲಿ ಖಾಸಗಿ ಸಂಗ್ರಹವೊಂದಿದೆ. ಅಲ್ಲಿ ಆಭರಣದ ಅಂಗಡಿಯೂ ಸೇರಿಕೊಂಡಿದೆ. ಆಟೋದವರಿಗೆ ಬರೀ "ಮ್ಯೂಸಿಯಂ" ಎಂದರೆ ಇವುಗಳಲ್ಲಿ ಯಾವುದರ ಮುಂದಾದರೂ ಇಳಿಸಿಯಾರು. "ಓಲ್ಡ್ ಗೇಟ್" ಎಂದು ಹೇಳಿ ಇಳಿದು, ಫಲಕದಲ್ಲಿ "ಮ್ಯಾರಿಟೈಮ್ ಆರ್ಕಿಯಾಲಜಿ" ಎಂಬ ಪದಗಳಿವೆಯೇ ಎಂದು ನೋಡಿ ಒಳಹೋಗಿ. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುತ್ತದೆ ಎಂದುಕೊಳ್ಳಬೇಡಿ.

ಕರ್ನಾಟಕದಿಂದ ಹೋಗುವುದು ಹೇಗೆ?

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ. ಹಾರಾಟ ಸುಮಾರು ಒಂದೂವರೆ ಗಂಟೆ. ಗಡಿಯಾರ ತಿರುಗಿಸಬೇಕಿಲ್ಲ, ಎರಡೂ ದೇಶದ ಸಮಯ ಒಂದೇ. ಭಾರತೀಯರಿಗೆ ಪ್ರಯಾಣಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಪಡೆಯುವ ಇಟಿಎ ಎಂಬ ಪ್ರಯಾಣ ಅನುಮತಿ ಬೇಕು. ಇದರ ಶುಲ್ಕದ ನಿಯಮ ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿದೆ, ಹಾಗಾಗಿ ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣದಲ್ಲೇ ನೋಡಿ. ಹುಡುಕಿದಾಗ ಮೊದಲು ಬರುವ ದಲ್ಲಾಳಿ ತಾಣಗಳು ಅಧಿಕೃತವಾದವೇ ಎಂಬಂತೆ ಕಾಣುತ್ತವೆ. ಅಲ್ಲಿ ಹೆಚ್ಚು ಹಣ ತೆರುವವರು ಬಹಳ.

ವಿಮಾನ ನಿಲ್ದಾಣ ಕೊಲಂಬೊದ ಉತ್ತರಕ್ಕೆ, ಗಾಲೆ ದಕ್ಷಿಣಕ್ಕೆ. ಅಂದರೆ ಊರನ್ನು ದಾಟಿ ಹೋಗಬೇಕು. ಸಮಯ ಮುಖ್ಯವಾದರೆ ಸದರ್ನ್ ಎಕ್ಸ್‌ಪ್ರೆಸ್‌ವೇ ಹಿಡಿಯಿರಿ: ಕೊಲಂಬೊ ಹೊರವಲಯದ ಮಾಕುಂಬುರ ನಿಲ್ದಾಣದಿಂದ ಗಾಲೆಗೆ ಎಕ್ಸ್‌ಪ್ರೆಸ್ ಬಸ್ಸುಗಳಿವೆ, ಒಂದೂವರೆ ಎರಡು ಗಂಟೆಯ ದಾರಿ. ದಾರಿಯೂ ಮುಖ್ಯವಾದರೆ ಕೊಲಂಬೊ ಫೋರ್ಟ್ ನಿಲ್ದಾಣದಿಂದ ರೈಲು. ಎರಡೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಆದರೆ ಹಳಿ ಎಷ್ಟೋ ದೂರ ಅಲೆಯ ಪಕ್ಕದಲ್ಲೇ ಓಡುತ್ತದೆ. ಹೋಗುವಾಗ ಬಲಗಡೆಯ ಕಿಟಕಿ, ಬರುವಾಗ ಎಡಗಡೆಯದು. ಶುಕ್ರವಾರ ಸಂಜೆ ಮತ್ತು ಭಾನುವಾರ ಸಂಜೆ ನಿಂತುಕೊಂಡೇ ಬರಬೇಕಾಗುತ್ತದೆ. ಗಾಲೆ ರೈಲು ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು. ಮೈದಾನ ದಾಟಿದರೆ ಗೋಡೆ.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲೂ ಬೀಸುತ್ತದೆ. ಆದರೆ ಒಂದು ಮಾತು: ಈ ಕೊಲ್ಲಿ ಯಾಕೆ ಅಷ್ಟೊಂದು ಹಡಗುಗಳನ್ನು ನುಂಗಿತು ಎಂಬುದು ಜೂನ್ ತಿಂಗಳಲ್ಲಿ ಕೋಟೆಯ ಮೇಲೆ ನಿಂತವರಿಗೆ ಅರ್ಥವಾಗುವಷ್ಟು ಜನವರಿಯಲ್ಲಿ ಆಗುವುದಿಲ್ಲ.

ದಿನದಲ್ಲಿ ಬೆಳಿಗ್ಗೆ ಬೇಗ ಕೊತ್ತಳ, ಬಿಸಿಲೇರಿದ ಮೇಲೆ ಮ್ಯೂಸಿಯಂ, ಸಂಜೆ ಮತ್ತೆ ಗೋಡೆ. ಗೋದಾಮಿನ ದಪ್ಪ ಗೋಡೆಗಳು ನಡುಹಗಲಿನ ಬೇಗೆಯನ್ನು ತಡೆಯುತ್ತವೆ. ಆದರೆ ಸೆಕೆ ಬಿಡುವುದಿಲ್ಲ. ನೀರಿನ ಬಾಟಲಿ ಇರಲಿ.

ತಿಂಗಳಿಗೊಂದು ಹುಣ್ಣಿಮೆಯ ಪೋಯ ದಿನ ಶ್ರೀಲಂಕಾದಲ್ಲಿ ಸಾರ್ವಜನಿಕ ರಜೆ. ಏಪ್ರಿಲ್ 13-14ರ ಸುಮಾರಿಗೆ ಸಿಂಹಳ-ತಮಿಳು ಹೊಸವರ್ಷಕ್ಕೆ ಇಡೀ ದೇಶವೇ ಬಾಗಿಲು ಹಾಕುತ್ತದೆ. ಯುಗಾದಿ ಮತ್ತು ಬೇಸಿಗೆ ರಜೆ ಸೇರಿಸಿ ಹೊರಡುವವರು ಪಂಚಾಂಗ ನೋಡಿಯೇ ದಿನ ಗೊತ್ತುಮಾಡಬೇಕು. ಉಳಿದ ದಿನಗಳಲ್ಲೂ ಹಿಂದಿನ ಸಂಜೆ ಉಳಿದುಕೊಂಡ ಜಾಗದವರಿಂದ ಫೋನ್ ಮಾಡಿಸಿ ಕೇಳುವುದು ವಾಸಿ. ಮುಚ್ಚುವ ಹೊತ್ತಿಗಿಂತ ಕನಿಷ್ಠ ಒಂದೂವರೆ ಗಂಟೆ ಮೊದಲು ಒಳಗಿರಿ.

ಟಿಕೆಟ್, ಹಣ?

ವಿದೇಶಿಯರಿಗೆ ದರ ಬೇರೆ, ಸ್ಥಳೀಯರಿಗೆ ಬೇರೆ. ಶ್ರೀಲಂಕಾದ ಹಲವು ಪ್ರಮುಖ ತಾಣಗಳಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ. ಅದು ಸಿಗಬೇಕಾದರೆ ಪಾಸ್‌ಪೋರ್ಟ್ ತೋರಿಸಬೇಕು, ಮತ್ತು ಕೇಳಬೇಕು. ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಬಂದು ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಶ್ರೀಲಂಕಾ ರೂಪಾಯಿಯಲ್ಲಿ ಚಿಲ್ಲರೆ ಇಟ್ಟುಕೊಳ್ಳಿ. 2024ರಿಂದ ಶ್ರೀಲಂಕಾದಲ್ಲಿ ಯುಪಿಐ ಶುರುವಾಗಿದೆ ನಿಜ, ಆದರೆ ಅದನ್ನೇ ನಂಬಿಕೊಂಡು ಟಿಕೆಟ್ ಕೌಂಟರಿಗೆ ಹೋಗಬೇಡಿ.

ಒಳಗೆ ಹೋಗುವ ಮೊದಲು ಕೊಲ್ಲಿ ನೋಡಿ ಎನ್ನುತ್ತೀರಲ್ಲ, ಯಾಕೆ?

ಒಳಗಿರುವ ಹಡಗಿನ ವಸ್ತುಗಳಲ್ಲಿ ಹೆಚ್ಚಿನವು ಈ ಕೊಲ್ಲಿಯ ತಳದಿಂದಲೇ ಬಂದವು. ಆ ನೀರನ್ನು ನೋಡದೆ ಗಾಜಿನ ಪೆಟ್ಟಿಗೆ ಮಾತ್ರ ನೋಡಿದರೆ ಒಂದು ಮಡಕೆ ಬರೀ ಮಡಕೆ.

ಕೋಟೆಗೆ 14 ಕೊತ್ತಳಗಳಿವೆ. ಮೊದಲು ದೀಪಸ್ತಂಭವಿರುವ ಉಟ್ರೆಕ್ಟ್ ಕೊತ್ತಳಕ್ಕೆ ಹೋಗಿ. 26.5 ಮೀಟರ್ ಎತ್ತರದ ಈಗಿನ ದೀಪಸ್ತಂಭ 1939ರದು. 1848ರ ಹಳೆಯದು 1934ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿಂದ ಬಂದರಿನ ಕಡೆ ತಿರುಗಿ ನಿಂತು ನೀರಿನ ಬಣ್ಣ ಗಮನಿಸಿ. ಅಲೆ ಇಲ್ಲದ ಕಡೆಯೂ ಅಲ್ಲಲ್ಲಿ ನೊರೆ ಏಳುತ್ತಿರುತ್ತದೆ. ಅದರಡಿ ಬಂಡೆ ಇದೆ ಎಂದರ್ಥ. ಗಾಲೆ ಕೊಲ್ಲಿಯ ಅಸಲಿ ತೊಂದರೆ ಇದೇ: ಬಾಯಿ ಅಗಲ, ಆದರೆ ದಾರಿ ಇಕ್ಕಟ್ಟು. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಅಡಗಿರುವ ಬಂಡೆಗಳ ನಡುವೆ ಹಡಗು ನುಸುಳಿ ಬರಬೇಕು. ಹಾಯಿಹಡಗಿಗೆ ಬ್ರೇಕ್ ಇಲ್ಲ. ಗಾಳಿ ಅರ್ಧ ದಾರಿಯಲ್ಲಿ ದಿಕ್ಕು ಬದಲಿಸಿದರೆ ಅದು ಬಂಡೆಗೇ ಹೋಗುತ್ತದೆ. ಲಂಗರು ಹಾಕಿದ ಮೇಲೂ ನಿಶ್ಚಿಂತೆಯಿಲ್ಲ. ಅಂದಿನ ಲಂಗರಿನ ಹಗ್ಗ ನಾರಿನದು. ತಳದ ಬಂಡೆಗೆ ಉಜ್ಜಿ ಸವೆದು ತುಂಡಾಗುತ್ತಿತ್ತು. ದೀಪಸ್ತಂಭದ ಇನ್ನೊಂದು ಬದಿಗಿರುವ ಫ್ಲ್ಯಾಗ್ ರಾಕ್ ಕೊತ್ತಳದಿಂದ ಬರುವ ಹಡಗುಗಳಿಗೆ ಬಂಡೆಯ ಎಚ್ಚರಿಕೆ ಕೊಡುತ್ತಿದ್ದುದು ಇದೇ ಕಾರಣಕ್ಕೆ.

ಇಷ್ಟಾದರೂ ಡಚ್ಚರು ಈ ಬಂದರನ್ನು ಬಿಡಲಿಲ್ಲ. ಏಷ್ಯಾದಲ್ಲಿ ಬಟಾವಿಯಾದ (ಇಂದಿನ ಜಕಾರ್ತದ) ನಂತರ ಅವರ ಅತಿ ಮುಖ್ಯ ಬಂದರುಗಳಲ್ಲಿ ಗಾಲೆಯೂ ಒಂದಾಗಿತ್ತು. ದಾಲ್ಚಿನ್ನಿ ತುಂಬಿದ ಹಡಗುಗಳು ಇಲ್ಲಿಂದ ಹಾಲೆಂಡಿಗೆ ಹೊರಡುತ್ತಿದ್ದವು. ಬೆಲೆಯನ್ನೂ ತೆತ್ತರು, ಇಲ್ಲಿ ಮುಳುಗಿದ ಅವರ ಹಡಗುಗಳು ಇವು: ಆವೊಂಡ್‌ಸ್ಟರ್ 1659, ಹರ್ಕ್ಯೂಲಿಸ್ 1661, ಡಾಲ್ಫೈನ್ 1663, ಬಾರ್ಬೆಸ್ಟೈನ್ 1735. ಬ್ರಿಟಿಷರ ಹೊಗೆಹಡಗುಗಳ ಕಾಲದಲ್ಲೂ ಗಾಲೆ ಕಲ್ಲಿದ್ದಲು ತುಂಬಿಸುವ ತಾಣವಾಗಿ ಮೆರೆಯಿತು. ಕೊಲಂಬೊದಲ್ಲಿ ಅಲೆತಡೆ ಗೋಡೆ ಕಟ್ಟುವ ಕೆಲಸ 1870ರ ದಶಕದಲ್ಲಿ ಶುರುವಾದ ಮೇಲೆ ಹಡಗುಗಳು ಅತ್ತ ಹೊರಳಿದವು. ವ್ಯಾಪಾರ ಹೋದದ್ದರಿಂದಲೇ ಕೋಟೆಯೊಳಗಿನ ಹಳೆಯ ಬೀದಿಗಳನ್ನು ಕೆಡವಿ ಕಟ್ಟುವ ಒತ್ತಡವೂ ತಗ್ಗಿತು. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಳಗೆ ಎಷ್ಟು ಹೊತ್ತು ಬೇಕು? ಯಾವ ಕ್ರಮದಲ್ಲಿ ನೋಡಬೇಕು?

ಒಂದರಿಂದ ಒಂದೂವರೆ ಗಂಟೆ. ಮುಳುಗಿದ ಹಡಗುಗಳ ಬಗ್ಗೆ ತೋರಿಸುವ ವಿಡಿಯೋ ನಡೆಯುತ್ತಿದ್ದರೆ ಕೂತು ನೋಡಿ, ಹಾರಿಸಿ ಹೋಗಬೇಡಿ. ಆಮೇಲಿನ ಫಲಕಗಳು ಅದರಿಂದ ಸಲೀಸಾಗುತ್ತವೆ. ವಿವರಗಳು ಸಿಂಹಳ, ತಮಿಳು, ಇಂಗ್ಲಿಷಿನಲ್ಲಿವೆ. ಎಲ್ಲವನ್ನೂ ಓದುತ್ತ ಹೋದರೆ ಆವೊಂಡ್‌ಸ್ಟರ್ ಭಾಗಕ್ಕೆ ಬರುವಷ್ಟರಲ್ಲಿ ಸುಸ್ತಾಗುತ್ತದೆ. ನಕ್ಷೆಗಳನ್ನು ಬೇಗ ದಾಟಿ, ಹಡಗಿನ ವಸ್ತುಗಳಿಗೆ ಸಮಯ ಉಳಿಸಿಕೊಳ್ಳಿ ಎಂಬುದೇ ನಮ್ಮ ಸಲಹೆ.

ಆವೊಂಡ್‌ಸ್ಟರ್ ಎಂದರೆ ಯಾವ ಹಡಗು? ಅದಕ್ಕೆ ಇಷ್ಟು ಮಹತ್ವ ಯಾಕೆ?

ಮೂಲತಃ ಇಂಗ್ಲಿಷರ ಹಡಗು. 1653ರಲ್ಲಿ ಡಚ್ಚರು ವಶಪಡಿಸಿಕೊಂಡು ಹೊಸ ಹೆಸರಿಟ್ಟು ತಮ್ಮ ಏಷ್ಯಾ ವ್ಯಾಪಾರಕ್ಕೆ ಹಚ್ಚಿದರು. 1659ರ ನಡುವಿನಲ್ಲಿ ಗಾಲೆಯಲ್ಲಿ ನಿಂತು ಭಾರತಕ್ಕೆ ಒಯ್ಯಲು ಸರಕು ತುಂಬಿಕೊಳ್ಳುತ್ತಿತ್ತು. ಸರಕು ಯಾವುದು ಗೊತ್ತೇ? ಅಡಿಕೆ. ಲಂಗರು ಹಿಡಿತ ತಪ್ಪಿ, ಹಡಗು ದಡದ ಮರಳಿಗೆ ಬಡಿದು ಮುಳುಗಿತು.

ನೂರಾರು ಮೈಲಿ ದೂರದ ಬಿರುಗಾಳಿಯಲ್ಲಲ್ಲ, ದಡಕ್ಕೆ ನೂರು ಮೀಟರ್‌ಗೂ ಹತ್ತಿರದಲ್ಲಿ, ನಾಲ್ಕೈದು ಮೀಟರ್ ಆಳದಲ್ಲಿ ಹೋಯಿತು. ಆ ಮೇಲೆ ಮರಳು ಮುಚ್ಚಿಕೊಂಡಿತು. ಮರಳು ಮುಚ್ಚಿದ ಕಡೆ ಆಮ್ಲಜನಕ ಕಡಿಮೆ. ಮರ ಕೊರೆಯುವ ಹುಳು ಬದುಕುವುದಿಲ್ಲ, ಹಗ್ಗ ಕೊಳೆಯುವುದಿಲ್ಲ. 1990ರ ದಶಕದ ಆರಂಭದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲ ಮ್ಯೂಸಿಯಂನವರ ಜೊತೆ ಸೇರಿ ನಡೆಸಿದ ಸಮೀಕ್ಷೆಯಲ್ಲಿ ಇದರ ಕುರುಹು ಸಿಕ್ಕಿತು. 2001ರಿಂದ 2004ರವರೆಗೆ ಡಚ್ ಸರ್ಕಾರದ ನೆರವಿನಿಂದ ಉತ್ಖನನ ನಡೆಯಿತು. ಶ್ರೀಲಂಕಾದ ಕಡಲ ಪುರಾತತ್ವಜ್ಞರ ಒಂದು ಇಡೀ ತಂಡ ಈ ಒಂದು ಹಡಗಿನ ಮೇಲೆ ಕೆಲಸ ಕಲಿತು ತಯಾರಾಯಿತು. ಅಡುಗೆಮನೆಯ ಇಟ್ಟಿಗೆ ಒಲೆ, ಸುರುಳಿ ಸುತ್ತಿಟ್ಟ ಹಗ್ಗ, ರಾಟೆ, ಲಂಗರು, ಫಿರಂಗಿ, ಜಾಡಿ, ಹೀಗೆ ಹಡಗಿನೊಳಗಿನ ದಿನಬಳಕೆಯ ಬದುಕು ಸಿಕ್ಕಿತು. ಚಿನ್ನ ಬೆಳ್ಳಿಯ ಗಂಟು ಹುಡುಕಿಕೊಂಡು ಬಂದವರಿಗೆ ನಿರಾಸೆ. ನಮ್ಮ ಮಟ್ಟಿಗೆ ಆ ಒಲೆಯ ಇಟ್ಟಿಗೆ ಚಿನ್ನಕ್ಕಿಂತ ಹೆಚ್ಚು ಮಾತಾಡುತ್ತದೆ.

ಯಾವ ವಸ್ತುವಿನ ಮುಂದೆ ನಿಲ್ಲಬೇಕು? ನೋಡುವುದು ಹೇಗೆ?

ಕೆಲವನ್ನು ಮಾತ್ರ ಹೇಳುತ್ತೇವೆ.

ಗಡ್ಡದ ಜಾಡಿ. ಜರ್ಮನಿಯ ರೈನ್ ನದಿ ಸೀಮೆಯಲ್ಲಿ ಮಾಡುತ್ತಿದ್ದ ಗಟ್ಟಿ ಜೇಡಿಪಾತ್ರೆ. ಕೊರಳಿನಲ್ಲಿ ಗಡ್ಡಧಾರಿಯ ಮುಖ ಒತ್ತಿರುತ್ತಾರೆ. ಹತ್ತಿರ ಬಾಗಿ ಅದರ ಮೈ ನೋಡಿ: ನುಣುಪಾಗಿಲ್ಲ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ. ಪಾತ್ರೆ ಸುಡುವ ಗೂಡು ಕೆಂಪಗೆ ಕಾದಾಗ ಒಳಗೆ ಉಪ್ಪು ಎಸೆಯುತ್ತಾರೆ. ಉಪ್ಪಿನ ಸೋಡಿಯಂ ಆವಿಯಾಗಿ ಜೇಡಿಯ ಸಿಲಿಕಾದೊಂದಿಗೆ ಸೇರಿ ಗಾಜಿನ ಪದರವಾಗುತ್ತದೆ. ಈ ಪದರ ಇದ್ದುದರಿಂದಲೇ ಕಡಲಿನಲ್ಲಿ ಮುನ್ನೂರೈವತ್ತು ವರ್ಷ ಬಿದ್ದರೂ ಮುಖದ ಗೆರೆಗಳು ಮಾಸದೆ ಉಳಿದಿವೆ.

ಮೂರು ತೂತಿನ ಮರದ ಬಿಲ್ಲೆ. ನೋಡಿದರೆ ಮುಖದ ಹಾಗೆ ಕಾಣುವುದರಿಂದ ಮಕ್ಕಳು ಮೊದಲು ಗುರುತಿಸುವುದು ಇದನ್ನೇ. ಹಾಯಿಕಂಬವನ್ನು ಎರಡೂ ಬದಿಯಿಂದ ಬಿಗಿಹಿಡಿಯುವ ದಪ್ಪ ಹಗ್ಗಗಳ ಬುಡದಲ್ಲಿ ಇಂಥ ಒಂದು, ಹಡಗಿನ ಪಕ್ಕದಲ್ಲಿ ಇನ್ನೊಂದು. ಎರಡರ ತೂತುಗಳ ನಡುವೆ ತೆಳು ಹಗ್ಗ ಆರು ಸಲ ಹಾದು ಹೋಗುತ್ತದೆ. ಆ ತೆಳು ಹಗ್ಗ ಎಳೆದರೆ ಇಡೀ ಕಂಬದ ಬಿಗಿ ಹೆಚ್ಚುತ್ತದೆ. ತೂತಿನ ಅಂಚು ಗಮನಿಸಿ, ಹಗ್ಗ ಉಜ್ಜಿದ ಸವೆತ ಇದ್ದರೆ ಅದು ಬಳಕೆಯಲ್ಲಿದ್ದದ್ದು.

ವಿಒಸಿ ಮುದ್ರೆ. ದೊಡ್ಡ ವಿ ಅಕ್ಷರ, ಅದರ ಎಡಗಾಲಿಗೆ ಒ, ಬಲಗಾಲಿಗೆ ಸಿ. ಫಿರಂಗಿಯ ಮೇಲೋ ನಾಣ್ಯದ ಮೇಲೋ ಇದು ಕಂಡರೆ ಹತ್ತಿರದಲ್ಲಿ ಇನ್ನೊಂದು ಅಕ್ಷರ ಇದೆಯೇ ಎಂದು ಹುಡುಕಿ. 1602ರಲ್ಲಿ ಹುಟ್ಟಿದ ಆ ಕಂಪನಿಗೆ ಆರು ಶಾಖೆಗಳಿದ್ದವು: ಆಮ್‌ಸ್ಟರ್‌ಡಾಮ್, ಜೀಲೆಂಡ್, ಡೆಲ್ಫ್ಟ್, ರಾಟರ್‌ಡಾಮ್, ಹೂರ್ನ್, ಎಂಕ್‌ಹೌಜೆನ್. ಮುದ್ರೆಯ ಮೇಲಿನ ಎ ಆಮ್‌ಸ್ಟರ್‌ಡಾಮಿನದು, ಎಚ್ ಹೂರ್ನ್‌ನದು. ಹಡಗಿನ ಹೆಸರು ಗೊತ್ತಿಲ್ಲದಾಗ ಪುರಾತತ್ವದವರಿಗೆ ಈ ಒಂದು ಅಕ್ಷರ ದೊಡ್ಡ ಸುಳಿವು.

ಇನ್ನು, ಗೊಡವಾಯ ಎಂಬ ಹೆಸರು ಎಲ್ಲಿ ಕಂಡರೂ ನಿಲ್ಲಿ. ಹಂಬನ್‌ತೋಟ ಜಿಲ್ಲೆಯ ಕಡಲಿನಲ್ಲಿ, ಮೂವತ್ತು ಮೀಟರ್‌ಗೂ ಹೆಚ್ಚು ಆಳದಲ್ಲಿ ಶಂಖ ಹೆಕ್ಕುವ ಮುಳುಗುಗಾರರಿಗೆ ಸಿಕ್ಕ ಹಡಗು ಅದು. ಸುಮಾರು 2,000 ವರ್ಷ ಹಳೆಯದು; ಹಿಂದೂ ಮಹಾಸಾಗರದಲ್ಲಿ ಈವರೆಗೆ ತಿಳಿದಿರುವ ಅತಿ ಹಳೆಯ ಹಡಗಿನ ಅವಶೇಷ. ಗಾಜಿನ ಗಟ್ಟಿಗಳು, ಮಣೆಯಂಥ ಅರೆಯುವ ಕಲ್ಲು, ಮಡಕೆಗಳು ಅದರಲ್ಲಿದ್ದವು.

ಕಡಲಿನಿಂದ ತೆಗೆದ ವಸ್ತುವನ್ನು ನೇರವಾಗಿ ಪ್ರದರ್ಶನಕ್ಕೆ ಇಡಬಹುದಲ್ಲ? ವರ್ಷಗಟ್ಟಲೆ ತೊಟ್ಟಿಯಲ್ಲಿ ಇಡುವುದೇಕೆ?

ಇಟ್ಟರೆ ಹಾಳಾಗುತ್ತದೆ, ಅದೂ ನಿಮ್ಮ ಕಣ್ಣೆದುರೇ.

ಮರದ ಜೀವಕೋಶಗಳ ಒಳಗೋಡೆ ಕೊಳೆತು ಹೋಗಿರುತ್ತದೆ. ಅದರ ಆಕಾರ ನಿಂತಿರುವುದು ತುಂಬಿಕೊಂಡ ನೀರಿನ ಬಲದಿಂದ. ಒಣಗಿಸಿದರೆ ನೀರು ಆವಿಯಾಗುತ್ತ ಕೋಶಗಳನ್ನು ಒಳಕ್ಕೆ ಜಗ್ಗುತ್ತದೆ. ಹಲಗೆ ಸುರುಟಿ, ಬಿರಿದು, ಕೊನೆಗೆ ಚಕ್ಕೆಯಾಗುತ್ತದೆ. ಆದ್ದರಿಂದ ಮೊದಲು ಸಿಹಿನೀರಿನಲ್ಲಿ ಉಪ್ಪು ಬಿಡಿಸಿ, ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವಿನ ದ್ರಾವಣದಲ್ಲಿ ಮುಳುಗಿಸಿ, ಅದರ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ನೀರಿದ್ದ ಜಾಗದಲ್ಲಿ ಮೇಣ ಕೂರುತ್ತದೆ. ಅವಸರ ಮಾಡಿ ಒಮ್ಮೆಲೇ ಗಟ್ಟಿ ದ್ರಾವಣಕ್ಕೆ ಹಾಕಿದರೆ, ಒಳಗಿನ ನೀರು ಮೇಣ ಸೇರುವುದಕ್ಕಿಂತ ಬೇಗ ಹೊರಬಂದು ಮರ ಕುಸಿಯುತ್ತದೆ. ಸಣ್ಣ ರಾಟೆಗೆ ತಿಂಗಳುಗಳು, ದೊಡ್ಡ ತೊಲೆಗೆ ವರ್ಷಗಳು.

ಕಬ್ಬಿಣ ಇನ್ನೂ ಹಠಮಾರಿ. ಸಮುದ್ರದ ಕ್ಲೋರೈಡ್ ಲೋಹದ ಆಳಕ್ಕೆ ಇಳಿದಿರುತ್ತದೆ. ಹೊರಗಿನಿಂದ ಫಿರಂಗಿ ಗಟ್ಟಿಯಾಗಿ ಕಂಡರೂ ಎರಕದ ಕಬ್ಬಿಣದ ಮೇಲ್ಪದರದಲ್ಲಿ ಕಬ್ಬಿಣ ಕರಗಿ ಹೋಗಿ ಮೆದು ಗ್ರಾಫೈಟ್ ಮಾತ್ರ ಉಳಿದಿರುತ್ತದೆ. ಉಗುರಿನಿಂದ ಗೀರಿದರೂ ಗುರುತು ಬೀಳುತ್ತದೆ. ಗಾಳಿಗೆ ಒಡ್ಡಿದರೆ ತುಕ್ಕಿನ ಹನಿಗಳು ಬೆವರಿನಂತೆ ಮೂಡಿ ಪದರ ಕಳಚುತ್ತದೆ. ಕ್ಷಾರದ ದ್ರಾವಣದಲ್ಲಿಟ್ಟು ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿ ಕ್ಲೋರೈಡ್ ಹೊರತೆಗೆಯುತ್ತಾರೆ, ದ್ರಾವಣ ಬದಲಿಸುತ್ತ, ಪ್ರತಿ ಸಲ ಅಳೆಯುತ್ತ. ಮಡಕೆಗೂ ಇದೇ ಪಾಡು: ಉಪ್ಪು ಉಳಿದರೆ ಒಣಗುವಾಗ ಹರಳುಗಟ್ಟಿ ಮೈಯನ್ನು ಹೊಪ್ಪಳೆ ಎಬ್ಬಿಸುತ್ತದೆ.

ಹೀಗಾಗಿ ಪ್ರದರ್ಶನದ ವಸ್ತುಗಳನ್ನು ಮುಟ್ಟಬೇಡಿ ಎಂಬುದು ಬರೀ ಶಿಸ್ತಿನ ಮಾತಲ್ಲ. ಬೆರಳ ಬೆವರಿನಲ್ಲೂ ಉಪ್ಪಿದೆ.

2004ರ ಸುನಾಮಿಯಲ್ಲಿ ಮ್ಯೂಸಿಯಂಗೆ ಏನಾಯಿತು?

ಡಿಸೆಂಬರ್ 26ರ ಬೆಳಿಗ್ಗೆ ಅಲೆ ಬಂದಾಗ ಕೋಟೆಯ ಗೋಡೆ ಒಳಗಿನ ಬಹುಪಾಲು ಬೀದಿಗಳನ್ನು ಕಾಪಾಡಿತು. ಹೊರಗಿನ ಬಸ್ ನಿಲ್ದಾಣ, ಕ್ರಿಕೆಟ್ ಮೈದಾನ ಕೊಚ್ಚಿ ಹೋದವು. ಗಾಲೆಯಲ್ಲಿ ಅಪಾರ ಸಾವುಗಳಾದವು. ಬಂದರಿನ ಕಡೆಗೆ ಬಾಗಿಲು ತೆರೆದ ಗೋದಾಮಿನೊಳಗೆ ನೀರು ನುಗ್ಗಿ ಅಂದಿನ ಕಡಲ ಮ್ಯೂಸಿಯಂ ನಾಶವಾಯಿತು. ಅದಕ್ಕಿಂತ ದೊಡ್ಡ ನಷ್ಟ ದಡದಲ್ಲೇ ಇದ್ದ ಸಂರಕ್ಷಣಾಲಯದ್ದು. ಆವೊಂಡ್‌ಸ್ಟರ್‌ನಿಂದ ತೆಗೆದು ತೊಟ್ಟಿಗಳಲ್ಲಿ ಇಟ್ಟಿದ್ದ ವಸ್ತುಗಳಲ್ಲಿ ಬಹಳಷ್ಟು, ಸಲಕರಣೆಗಳ ಸಮೇತ, ಬಂದ ಕಡಲಿಗೇ ಮರಳಿ ಹೋದವು. ಕೆಲವನ್ನು ಕೆಸರಿನಿಂದ ಹೆಕ್ಕಿ ತೆಗೆದರು. 2010ರ ಮಾರ್ಚ್‌ನಲ್ಲಿ ಡಚ್ ನೆರವಿನಿಂದ ಮ್ಯೂಸಿಯಂ ಹೊಸದಾಗಿ ತೆರೆಯಿತು.

"ಆವೊಂಡ್‌ಸ್ಟರ್ ವಸ್ತು ಇಷ್ಟೇ ಏನು?" ಎಂದು ಕೇಳುವವರಿಗೆ ಇದೇ ಉತ್ತರ. ನೀವು ನೋಡುತ್ತಿರುವುದು ಎರಡು ಸಲ ಮುಳುಗಿ ಎರಡು ಸಲ ಮೇಲೆ ಬಂದವು.

ಹಡಗು ಬಿಟ್ಟರೆ ಸ್ಥಳೀಯ ದೋಣಿಗಳ ಬಗ್ಗೆ ಏನಿದೆ?

ಕರಾವಳಿಯವರು ಈ ಭಾಗವನ್ನು ತಪ್ಪಿಸಬಾರದು. ಶ್ರೀಲಂಕಾದ ಒರುವ ಎಂಬ ದೋಣಿಯ ಒಡಲು ಕಿರಿದು, ಇಬ್ಬರು ಅಕ್ಕಪಕ್ಕ ಕೂರುವಷ್ಟೂ ಅಗಲವಿಲ್ಲ. ಅದು ಮಗುಚದಂತೆ ಒಂದು ಪಕ್ಕಕ್ಕೆ ಎರಡು ಬಾಗಿದ ಕೋಲುಗಳ ತುದಿಯಲ್ಲಿ ತೇಲುಮರ ಕಟ್ಟಿರುತ್ತಾರೆ. ಹಾಯಿ ಬಿಟ್ಟಾಗ ಈ ತೇಲುಮರ ಸದಾ ಗಾಳಿ ಬರುವ ಕಡೆಗೇ ಇರಬೇಕು. ಹಾಗಾದರೆ ತಿರುಗುವುದು ಹೇಗೆ? ತಿರುಗುವುದೇ ಇಲ್ಲ. ಎರಡೂ ತುದಿ ಒಂದೇ ಥರ ಇರುವುದರಿಂದ ಹಾಯಿ, ಹುಟ್ಟುಗಳನ್ನು ಬದಲಿಸಿ ಹಿಂದಿನ ತುದಿಯನ್ನು ಮುಂದು ಮಾಡಿಕೊಂಡು ಹೊರಡುತ್ತಾರೆ. ಭಾಗಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಬಿಗಿಯುತ್ತಿದ್ದರು. ಅಲೆಗೆ ಹೊಲಿಗೆ ಸ್ವಲ್ಪ ಬಾಗಿ ಕೊಡುತ್ತದೆ; ಮೊಳೆಯಾದರೆ ತುಕ್ಕು ಹಿಡಿದು ಮರ ಸೀಳುತ್ತದೆ. ಕಾರವಾರ, ಗೋವಾ ಕಡೆ ಪಕ್ಕಮರ ಕಟ್ಟಿದ ದೋಣಿ ನೋಡಿದವರಿಗೆ ಇದರ ಬಳಗ ತಕ್ಷಣ ತಿಳಿಯುತ್ತದೆ.

ಮಾದೆಲ್ ಎನ್ನುವುದು ಅಲ್ಲಿನ ದಡಬಲೆ: ದೋಣಿಯಲ್ಲಿ ಅರ್ಧಚಂದ್ರದಂತೆ ಬಲೆ ಬಿಟ್ಟು ಎರಡೂ ತುದಿಯನ್ನು ದಡದಿಂದ ಜನ ಸೇರಿ ಎಳೆಯುವುದು. ನಮ್ಮ ರಂಪಣಿಯೇ.

ಚೀನಾದ ಸೇನಾನಿಯ ಮೂರು ಭಾಷೆಯ ಶಾಸನ ಇಲ್ಲಿದೆಯೇ?

ಸಿಕ್ಕಿದ್ದು ಗಾಲೆಯಲ್ಲಿ, 1911ರಲ್ಲಿ. ಚರಂಡಿಗೆ ಮುಚ್ಚಳವಾಗಿ ಮಗುಚಿ ಹಾಕಿದ್ದ ಕಲ್ಲಾಗಿ. ಮೂಲ ಈಗ ಕೊಲಂಬೊ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಝೆಂಗ್ ಹೆ ತಂದು ನಿಲ್ಲಿಸಿದ, 1409ರ ತಾರೀಖಿನ ಈ ಕಲ್ಲಿನಲ್ಲಿ ಚೀನೀ ಪಾಠ ಬುದ್ಧನಿಗೆ, ತಮಿಳು ಪಾಠ ದೊಂಡ್ರದ ವಿಷ್ಣುವಿಗೆ, ಪರ್ಷಿಯನ್ ಪಾಠ ಅಲ್ಲಾಹನಿಗೆ ಕಾಣಿಕೆ ಅರ್ಪಿಸುತ್ತವೆ. ಗಾಲೆಗೆ ಹೋಗುವ ಅಥವಾ ಬರುವ ದಿನ ಕೊಲಂಬೊದಲ್ಲಿ ಎರಡು ಗಂಟೆ ಉಳಿದರೆ ನೋಡಿ.

ಕರ್ನಾಟಕದ ಕರಾವಳಿಗೂ ಗಾಲೆಗೂ ಏನಾದರೂ ನಂಟಿದೆಯೇ?

ಇದೆ, ಅಕ್ಕಿಯ ಮೂಲಕ. ಡಚ್ಚರ ಸಿಂಹಳದಲ್ಲಿ ಬೆಳೆದ ಅಕ್ಕಿ ಅಲ್ಲಿನ ಕೋಟೆಗಳಿಗೆ ಸಾಲುತ್ತಿರಲಿಲ್ಲ. ಭಾರತದ ಕರಾವಳಿಗಳಿಂದ ತರಿಸಬೇಕಿತ್ತು. ಕೆಳದಿ ನಾಯಕರ ಆಳ್ವಿಕೆಯಲ್ಲಿದ್ದ ಬಸರೂರಿನಲ್ಲಿ ಡಚ್ಚರಿಗೆ ವ್ಯಾಪಾರದ ಕೋಠಿಯಿತ್ತು. ಅವರು ಅಲ್ಲಿ ಕೊಳ್ಳುತ್ತಿದ್ದುದರಲ್ಲಿ ಕನ್ನಡ ಜಿಲ್ಲೆಯ ಅಕ್ಕಿ ಮುಖ್ಯವಾದದ್ದು. ಕುಂದಾಪುರದ ಪಕ್ಕದ ಬಸರೂರನ್ನು ಬಲ್ಲವರು ಗೋದಾಮಿನ ಕಮಾನಿನಡಿ ನಿಂತಾಗ ಇದನ್ನು ನೆನೆಯಬಹುದು.

ಮಕ್ಕಳು, ವಯಸ್ಸಾದವರನ್ನು ಕರೆದೊಯ್ಯಬಹುದೇ?

ಧಾರಾಳವಾಗಿ. ಕೋಟೆಯೊಳಗಿನ ಬೀದಿಗಳು ಹೆಚ್ಚುಕಡಿಮೆ ಸಮತಟ್ಟು, ದೂರಗಳು ಕಡಿಮೆ. ಕಷ್ಟವಿರುವುದು ಕೊತ್ತಳಗಳ ಮೇಲೆ: ಮೆಟ್ಟಿಲು ಸಮವಿಲ್ಲ, ಕಡಲ ಕಡೆ ಬಹುಪಾಲು ತಡೆಗಂಬಿ ಇಲ್ಲ, ಮಳೆ ಬಂದಾಗ ಹುಲ್ಲು ಜಾರುತ್ತದೆ. ಮಕ್ಕಳ ಕೈ ಬಿಡಬೇಡಿ. ಫ್ಲ್ಯಾಗ್ ರಾಕ್‌ನಿಂದ ಕಡಲಿಗೆ ಹಾರಿ ತೋರಿಸಿ ಹಣ ಕೇಳುವವರಿದ್ದಾರೆ. ಕೆಳಗೆ ಬಂಡೆ ಇದೆ. ಹಣ ಕೊಟ್ಟು ಹಾರಿಸಬೇಡಿ.

ಫೋಟೊ ತೆಗೆಯಬಹುದೇ?

ಒಳಗೆ ಹೋಗುವಾಗ ಕೌಂಟರಿನಲ್ಲಿ ಕೇಳಿಯೇ ಕ್ಯಾಮೆರಾ ತೆಗೆಯಿರಿ. ಒಪ್ಪಿದರೂ ಫ್ಲ್ಯಾಶ್ ಬೇಡ. ಗಾಜಿನ ಪ್ರತಿಫಲನ ತಪ್ಪಿಸಲು ಫೋನನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ.

ಮುಳುಗಿ ಆವೊಂಡ್‌ಸ್ಟರ್ ನೋಡಬಹುದೇ?

ಆ ಆಸೆ ಬಿಡಿ. ಅದು ರಕ್ಷಿತ ಪುರಾತತ್ವ ನೆಲೆ, ಜೊತೆಗೆ ಮರಳಿನಡಿ ಇದೆ; ಕಲಕಿದ ನೀರಿನಲ್ಲಿ ಏನೂ ಕಾಣದು.

ಸಸ್ಯಾಹಾರಿಗಳಿಗೆ ಊಟ?

ಕೋಟೆಯೊಳಗೆ ಹೋಟೆಲುಗಳು ಹೇರಳ, ಬೆಲೆ ಜಾಸ್ತಿ. ಹೊರಗೆ ಊರಿನಲ್ಲಿ ಅನ್ನ-ಕರಿ ಅಗ್ಗ, ರುಚಿಯೂ ಹೆಚ್ಚು. ಎಚ್ಚರ ಬೇಕಾದದ್ದು ಉಂಬಲಕಡದ ಬಗ್ಗೆ: ಒಣಗಿಸಿದ ಟ್ಯೂನಾ ಮೀನಿನ ಪುಡಿ. ತೆಂಗಿನಕಾಯಿ ಸಂಬೋಲ ಎಂಬ ಚಟ್ನಿಯಲ್ಲಿ, ತರಕಾರಿ ಪಲ್ಯದಲ್ಲೂ ಇದನ್ನು ಸಹಜವಾಗಿ ಹಾಕುತ್ತಾರೆ. "ವೆಜಿಟೇರಿಯನ್" ಎಂದರೆ ಸಾಲದು. "ನೋ ಉಂಬಲಕಡ" ಎಂದೇ ಹೇಳಿ. ಪರಿಪ್ಪು ಎಂಬ ತೊವ್ವೆ, ಶ್ಯಾವಿಗೆಯಂಥ ಇಂಡಿಯಾಪ್ಪ, ಹಲಸಿನಕಾಯಿ ಪಲ್ಯ ನಮ್ಮ ಬಾಯಿಗೆ ಹತ್ತಿರ.

ನೆನಪಿಗೆ ಏನು ಕೊಳ್ಳಬಹುದು, ಏನು ಕೊಳ್ಳಬಾರದು?

ದಾಲ್ಚಿನ್ನಿ ಕೊಳ್ಳಿ, ಗಾಲೆಯನ್ನು ಕಟ್ಟಿದ ಸರಕೇ ಅದು. ಕಾಗದದಷ್ಟು ತೆಳು ತೊಗಟೆಗಳನ್ನು ಒಂದರೊಳಗೊಂದು ಸುತ್ತಿದ, ಕೈಯಲ್ಲಿ ಮುರಿದರೆ ಪುಡಿಯಾಗುವ ಕಡ್ಡಿ ಅಸಲಿ ಸಿಂಹಳದ್ದು. ಒಂದೇ ದಪ್ಪ ತೊಗಟೆ ಸುರುಟಿಕೊಂಡಿದ್ದರೆ ಅದು ಕ್ಯಾಸಿಯ ಎಂಬ ಬೇರೆ ಮರದ ತೊಗಟೆ.

ಕೊತ್ತಳದ ಮೇಲೆ "ಹಡಗಿನಿಂದ ಸಿಕ್ಕ ಹಳೇ ನಾಣ್ಯ" ಎಂದು ಯಾರಾದರೂ ಅಂಗೈ ಬಿಚ್ಚಿ ತೋರಿಸಿದರೆ ಮುಂದೆ ನಡೆಯಿರಿ. ನಕಲಿಯಾದರೆ ಹಣ ಹೋಯಿತು. ಅಸಲಿಯಾದರೆ ಅನುಮತಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ಮತ್ತು ಕಡಲ ತಳದ ಒಂದು ನೆಲೆಯನ್ನು ನುಗ್ಗಿ ಕೆದಕಲು ನೀವೇ ಕೂಲಿ ಕೊಟ್ಟ ಹಾಗಾಯಿತು. ಹವಳ, ಆಮೆಚಿಪ್ಪಿನ ಸಾಮಾನುಗಳೂ ಬೇಡ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ.